ಸಿಗಡಿಯೊಟ್ಟಿಗೆ ಕ್ಯಾಬೇಜು

ಗುರುವಾಯನಕೆರೆಯ ಹಾಜಬ್ಬರ ಮನೆಯಲ್ಲಿ ಮೀನು ಮತ್ತು ತರಕಾರಿ ಒಂದೇ ಬಾಣಲೆಗೆ ಬಿದ್ದ ಇತಿಹಾಸ ಇರಲಿಲ್ಲ. ಮೀನಿಗೆ ಮಣ್ಣಿನ ಚಟ್ಟಿ, ಕೋಳಿಗೆ ದೊಡ್ಡ ಪಾತ್ರೆ, ತರಕಾರಿಗೆ ಮೂಲೆಯ ಹಳೇ ಅಲ್ಯುಮಿನಿಯಂ ಪಾತ್ರೆ. ಅದೂ ಯಾರಿಗಾದರೂ ಜ್ವರ ಬಂದಾಗ ಮಾತ್ರ ಕೆಳಗಿಳಿಯುತ್ತಿತ್ತು. ಜಂಕ್ಷನ್ನಿನಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದ ಹಾಜಬ್ಬ ಮಧ್ಯಾಹ್ನ ಊಟಕ್ಕೆ ಬಂದು ತಟ್ಟೆಯಲ್ಲಿ ಕ್ಯಾಬೇಜು ಕಂಡರೆ, "ಯಾರಿಗೆ ಹುಷಾರಿಲ್ಲ?" ಎಂದು ಕೇಳುವ ಮನುಷ್ಯ.

ಅಂಥ ಮನೆಗೆ, ಎರಡು ಸಾವಿರದ ಇಸವಿಯ ಪೆರ್ನಾಲ್ ಹಬ್ಬ ಕಳೆದ ಮೇಲೆ, ಸೊಸೆ ನುಸ್ರತ್ ಬಹರೈನಿನಿಂದ ಬಂದಳು. ಎರಡು ತಿಂಗಳ ಬಸುರಿ. ಗಂಡ ನಿಝಾರನಿಗೆ ಕಂಪೆನಿಯಲ್ಲಿ ರಜೆ ಸಿಗಲಿಲ್ಲ. ಹೆರಿಗೆ ಊರಿನಲ್ಲೇ ಆಗಲಿ ಎಂದು ಅವಳೊಬ್ಬಳನ್ನೇ ವಿಮಾನ ಹತ್ತಿಸಿದ್ದ. ಅತ್ತೆ ಸೈನಬ ಸೊಸೆಯ ಕೈ ಹಿಡಿದು ನೋಡಿದವರೇ, ಮಗಳನ್ನು ಕರೆಯುವ ಹಾಗೆ, "ಅಲ್ಲಿ ಅನ್ನ ಸಿಗುದಿಲ್ವಾ ಮೋಳೆ?" ಎಂದರು. ಮರುದಿನದಿಂದಲೇ ಉಪಚಾರ ಶುರುವಾಯಿತು. ಒಂದು ದಿನ ಕೋಳಿ ಗಸಿ ಮತ್ತು ಪತ್ತಿರಿ, ಇನ್ನೊಂದು ದಿನ ಬಂಗುಡೆಯ ಪುಳಿಮುಂಚಿ, ಮತ್ತೊಂದು ದಿನ ತುಪ್ಪದ ಅನ್ನ. ನುಸ್ರತ್ ಎರಡು ತುತ್ತು ಬಾಯಿಗಿಟ್ಟು ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸುತ್ತಿದ್ದಳು. ಆ ತಟ್ಟೆಯನ್ನು ಕಾಲೇಜಿನಿಂದ ಹಸಿದು ಬಂದ ನಾದಿನಿ ರಿಫಾ ಖಾಲಿ ಮಾಡುತ್ತಿದ್ದಳು. ದಪ್ಪಗಾಗುತ್ತಿದ್ದದ್ದು ರಿಫಾ.

"ಇವಳಿಗೆ ನನ್ನ ಕೈಯದ್ದು ಸೇರುದಿಲ್ಲ," ಎಂದು ಸೈನಬ ಗಂಡನ ಹತ್ತಿರ ದೂರಿದರು.

"ಬಸುರಿಯ ಸಂಕಟ ಇರ್ತದೆ. ಸ್ವಲ್ಪ ದಿನ ಬಿಡು."

"ನಾನು ಎರಡು ಹೆತ್ತಿದ್ದೇನೆ. ನನಗೆ ಸಂಕಟ ಗೊತ್ತಿಲ್ವಾ? ಇದು ಸಂಕಟ ಅಲ್ಲ."

ಅದು ಸಂಕಟವಲ್ಲ ಎಂಬಲ್ಲಿಯವರೆಗೆ ಸೈನಬ ಹೇಳಿದ್ದು ಸರಿ. ಮತ್ತೇನು ಎಂಬುದು ಮಾತ್ರ ಅವರಿಗೂ ತಿಳಿಯಲಿಲ್ಲ. ಕೊನೆಗೆ ಸೊಸೆಯನ್ನು ಲಾಯಿಲದ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ತೂಕ ನೋಡಿ ಹುಬ್ಬು ಗಂಟಿಕ್ಕಿದರು. ಆಮೇಲೆ ನುಸ್ರತಳ ಮುಖ ನೋಡಿ, "ಮೊದಲನೆಯದಾ?" ಎಂದು ಕೇಳಿದರು.

ಕೇಳಿದ್ದು ನುಸ್ರತಳನ್ನು. ಉತ್ತರ ಕೊಟ್ಟದ್ದು ಸೈನಬ. "ಹೌದು ಡಾಕ್ಟ್ರೇ, ಮೊದಲನೆಯದೇ. ಮದುವೆಯಾಗಿ ಮೂರು ವರ್ಷ ಆಯ್ತು. ಈಗ ಅಲ್ಲಾಹನ ದಯೆ ಆದದ್ದು."

ಸೈನಬ ಕೆಟ್ಟವರಲ್ಲ. ಆದರೆ ಮನೆಯ ಯಾರನ್ನು ಯಾರು ಏನು ಕೇಳಿದರೂ ತಾನೇ ಉತ್ತರ ಕೊಡುವುದು ಅವರ ಅಭ್ಯಾಸ. ಗಂಡನ ಶುಗರು ಎಷ್ಟು, ಮಗಳ ಮಾರ್ಕು ಎಷ್ಟು ಎಂದು ಕೇಳಿದರೂ ಅವರದೇ ಬಾಯಿ. ನಮ್ಮ ಕಡೆ ಅತ್ತೆಯ ಜೊತೆ ಹೋದ ಸೊಸೆ ಡಾಕ್ಟರ ಎದುರು ಬಾಯಿ ತೆರೆಯುವ ಕ್ರಮವೂ ಇಲ್ಲ. ನುಸ್ರತ್ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತಾ ಕುಳಿತಳು. ಡಾಕ್ಟರು ಬರೆದುಕೊಂಡರು. "ಏನು ಬೇಕು ಅಂತ ಇವರನ್ನೇ ಕೇಳಿ, ಅದನ್ನೇ ಮಾಡಿ ಕೊಡಿ," ಎಂದು ಕಳಿಸಿದರು.

ಅದು ಮೊದಲನೆಯದಾಗಿರಲಿಲ್ಲ. ಕಳೆದ ವರ್ಷ ಬಹರೈನಿನ ಮನಾಮಾದಲ್ಲಿ ಒಂದು ಬಸಿರು ನಿಂತಿತ್ತು. ಪೆರ್ನಾಲಿಗೆ ಊರಿಗೆ ಹೋಗಿ ಉಮ್ಮನ ಎದುರೇ ಹೇಳಬೇಕು, ಆಗ ಅವರ ಮುಖ ನೋಡಬೇಕು ಎಂದು ನಿಝಾರ್ ಆಸೆಯಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ. ನಾಲ್ಕು ತಿಂಗಳು ಕಳೆದು ಐದಕ್ಕೆ ಬಿದ್ದ ವಾರ ಅದು ಹೋಯಿತು. ಹೇಳಲು ಏನೂ ಉಳಿಯಲಿಲ್ಲ. ಆಸ್ಪತ್ರೆಯ ಡಾಕ್ಟರು ನುಸ್ರತಳಿಗೆ ಒಂದು ಮಾತು ಹೇಳಿದ್ದರು: ಗರ್ಭದ ಬಾಯಿ ಸಡಿಲ ಉಂಟು, ಮುಂದಿನ ಸಲ ಶುರುವಿನಲ್ಲೇ ಡಾಕ್ಟರಿಗೆ ಹೇಳಿ, ಮೂರು ಕಳೆದು ನಾಲ್ಕಕ್ಕೆ ಬೀಳುವಾಗ ಹೊಲಿಗೆ ಹಾಕಿಸಿಕೊಳ್ಳಬೇಕು. ಅವರ ಇಂಗ್ಲಿಷು ಅವಳಿಗೆ ಅರ್ಧ ಅರ್ಥವಾಗಿತ್ತು. ಪಕ್ಕದ ಕೋಣೆಯ ಫಿಲಿಪೀನ್ಸಿನ ನೆನಿತಾ ಗೋಣಿಚೀಲದ ಬಾಯಿಗೆ ದಾರ ಬಿಗಿಯುವ ಹಾಗೆ ಕೈ ಮಾಡಿ ತೋರಿಸಿದಾಗ ಪೂರ್ತಿ ಅರ್ಥವಾಯಿತು.

ಈಗ ಮೂರು ತುಂಬುತ್ತಾ ಬಂದಿತ್ತು. ಲಾಯಿಲದ ಡಾಕ್ಟರಿಗೆ ಏನೂ ಗೊತ್ತಿಲ್ಲ. ಹೇಳಬೇಕು ಎಂದು ನುಸ್ರತ್ ದಿನಾ ಬೆಳಿಗ್ಗೆ ನಿಶ್ಚಯ ಮಾಡುತ್ತಿದ್ದಳು. ಸೈನಬ ಗಂಜಿ ತಂದಿಟ್ಟು, "ಮೊದಲ ಮೊಮ್ಮಗ, ಮೊದಲ ಮೊಮ್ಮಗ" ಎನ್ನುತ್ತಾ ಓಡಾಡುವಾಗ ಅದನ್ನು ನಾಳೆಗೆ ಮುಂದೂಡುತ್ತಿದ್ದಳು.

ಲಾಯಿಲದಿಂದ ಬಂದ ಸಂಜೆಯೇ ಸೈನಬ ಹಿಡಿದು ಕೂರಿಸಿ ಕೇಳಿದರು. "ಎಂತ ತಿನ್ನಬೇಕು ಹೇಳು. ಬಯಕೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಬಾರದು."

"ಗಿನಿಸಾ," ಎಂದುಬಿಟ್ಟಳು ನುಸ್ರತ್. ಯಾಕೆ ಅದನ್ನೇ ಹೇಳಿದೆ ಎಂದು ಅವಳಿಗೇ ಆಶ್ಚರ್ಯವಾಯಿತು.

"ಅದು ಎಂತದ್ದು?"

"ಸಿಗಡಿ, ಬೊಂಡಾಸ್, ಆಮೇಲೆ ಕ್ಯಾಬೇಜು, ಕ್ಯಾರೆಟ್ಟು, ಬೀನ್ಸು. ಎಲ್ಲ ಒಟ್ಟಿಗೆ ಹುರಿಯುವುದು. ಅಲ್ಲಿ ಫಿಲಿಪೀನ್ಸಿನವರು ಮಾಡ್ತಾರೆ."

"ಸಿಗಡಿಯೊಟ್ಟಿಗೆ ಕ್ಯಾಬೇಜಾ?" ಸೈನಬ ಮಗಳನ್ನು ನೋಡಿದರು. ರಿಫಾ ಹೆಗಲು ಕುಣಿಸಿದಳು. "ತೆಂಗಿನಕಾಯಿ?"

"ಇಲ್ಲ ಮಾಮಿ."

"ಮೆಣಸು? ಕೊತ್ತಂಬರಿ? ಹುಳಿ?"

"ಇಲ್ಲ. ನಾನೇ ಮಾಡ್ತೇನೆ. ಹತ್ತು ನಿಮಿಷದ ಕೆಲಸ."

"ನೀನು ಮಾಡಬಾರದು," ಎಂದರು ಸೈನಬ. "ಬಯಕೆಯದ್ದನ್ನು ಬಸುರಿ ತಾನೇ ಬೇಯಿಸಿ ತಿಂದರೆ ಅದು ಬಯಕೆ ತೀರಿದ ಹಾಗೆ ಅಲ್ಲ. ಬೇರೆಯವರ ಕೈಯಿಂದ ಆಗಬೇಕು."

ಹೀಗೆ ಆ ಮನೆಯಲ್ಲಿ ಆ ಅಡುಗೆ ಗೊತ್ತಿದ್ದವಳೊಬ್ಬಳು, ಅವಳು ಒಲೆ ಮುಟ್ಟುವಂತಿಲ್ಲ. ಒಲೆ ಮುಟ್ಟಬಹುದಾದವರಿಗೆ ಅದು ಗೊತ್ತಿಲ್ಲ. ಮರುದಿನ ಬೆಳಿಗ್ಗೆ ಎಂ-ಎಯ್ಟಿ ಗಾಡಿಯಲ್ಲಿ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಹಾರ್ನ್ ಬಾರಿಸುತ್ತಾ ಬಂದ ಅಬ್ದುಲ್ ನಾಸಿರನಿಂದ ಸಿಗಡಿ ಮತ್ತು ಮೂಳೆಯಿಲ್ಲದ ಮೆತ್ತನೆಯ ಬೊಂಡಾಸ್ ಮೀನು ತೆಗೆದುಕೊಂಡದ್ದಾಯಿತು. ಸೈನಬ ಸೊಸೆ ಹೇಳಿದ್ದನ್ನೆಲ್ಲ ಕೇಳಿದರು, ಬಾಣಲೆಯನ್ನೂ ಇಟ್ಟರು. ಆದರೆ ಅರಿಶಿನ ಹಾಕದೆ ಮೀನು ಒಲೆಗೇರಿಸಲು ಅವರ ಕೈ ಒಪ್ಪಲಿಲ್ಲ. ಅರಿಶಿನದ ಹಿಂದೆ ಮೆಣಸು ಬಂತು. ಒಣಒಣ ಕಾಣಿಸಿತೆಂದು ತೆಂಗಿನಹಾಲು ಬಂತು. ಕ್ಯಾಬೇಜು ಹಸಿ ಉಂಟೆಂದು ಮುಚ್ಚಿ ಬೇಯಿಸಿದರು. ಮುಚ್ಚಳ ತೆಗೆದಾಗ ಕ್ಯಾಬೇಜು ಕರಗಿ ಹೋಗಿತ್ತು, ಬೊಂಡಾಸ್ ಸೈಕಲ್ ಟ್ಯೂಬಿನಂತಾಗಿತ್ತು.

ನುಸ್ರತ್ ಒಂದು ತುಂಡು ಬಾಯಿಗಿಟ್ಟು ಬಹಳ ಹೊತ್ತು ಅಗಿದು, ಎದ್ದು ಹಿತ್ತಲಿಗೆ ಓಡಿದಳು.

"ರುಚಿ ಉಂಟು," ಎಂದರು ಹಾಜಬ್ಬ ತಟ್ಟೆ ಬಳಿಯುತ್ತಾ. "ಆದರೆ ತಿಂದದ್ದು ಎಂತದ್ದು ಅಂತ ಗೊತ್ತಾಗ್ಲಿಲ್ಲ. ಯಾರಿಗೆ ಹುಷಾರಿಲ್ಲ?"

"ನಿಮ್ಮ ತಲೆಗೆ," ಎಂದರು ಸೈನಬ.

ಶುಕ್ರವಾರ ನಿಝಾರನ ಫೋನು ಬಂತು. ಸೈನಬ ಕುಶಲ ಕೇಳುವ ಮೊದಲೇ ವಿಷಯಕ್ಕೆ ಬಂದರು. "ನಿನ್ನ ಹೆಂಡತಿ ಎಂತದೋ ಗಿನಿಸಾ ಬೇಕು ಅಂತಾಳೆ. ಅದನ್ನು ಹೇಗೆ ಮಾಡುದು? ನೀನು ತಿಂದಿದ್ದೀಯಲ್ಲ?"

ಆ ಕಡೆ ಸದ್ದಿಲ್ಲ. ಲೈನು ಹೋಯಿತೆಂದು ಸೈನಬ ಎರಡು ಸಲ ಹಲೋ ಎಂದರು.

"ಅದು ಬೇಡ ಉಮ್ಮ," ಎಂದ ನಿಝಾರ್. "ಬೇರೆ ಎಂತಾದ್ರೂ ಮಾಡಿ ಕೊಡಿ. ಅವಳಿಗೆ ಒಮ್ಮೆ ಫೋನು ಕೊಡಿ."

ಸೈನಬ ಒಳಗೆ ಹೋದ ಮೇಲೆ ನುಸ್ರತ್ ಫೋನು ಹಿಡಿದು ಗೋಡೆಗೆ ಮುಖ ಮಾಡಿ ನಿಂತಳು. "ಅದನ್ನೇ ಯಾಕೆ ಕೇಳಿದ್ದು ನೀನು?" ಎಂದ ಅವನು.

"ಬಾಯಿಗೆ ಬಂತು. ನಾನು ಡಾಕ್ಟ್ರಿಗೆ ಹೇಳ್ತೇನೆ. ಮೂರು ತುಂಬಿತು."

"ಉಮ್ಮ ಜೊತೆಯಲ್ಲಿ ಇರ್ತಾರಲ್ಲ, ಹೇಗೆ ಹೇಳ್ತಿ? ಬಂಟ್ವಾಳದ ಅಸ್ಮಾಳ ಬಗ್ಗೆ ಅವರು ಎಂತ ಹೇಳಿದ್ದು ಅಂತ ನೆನಪಿಲ್ವಾ? ನಾನು ಬಂದ ಮೇಲೆ ಹೇಳುವ. ಸ್ವಲ್ಪ ತಡೆ."

ಅಸ್ಮಾ ಎಂದರೆ ಸೈನಬರ ಬಂಟ್ವಾಳದ ತಮ್ಮನ ಸೊಸೆ. ಎರಡು ಸಲ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಒಂದು ಮದುವೆ ಮನೆಯಲ್ಲಿ ಸೈನಬ ನಾಲ್ಕು ಹೆಂಗಸರ ನಡುವೆ, "ಅದು ಓಟೆ ಕೊಡಪಾನ, ಎಷ್ಟು ತುಂಬಿದ್ರೂ ನಿಲ್ಲುದಿಲ್ಲ," ಎಂದಿದ್ದರು. ಎಲ್ಲರೂ ನಕ್ಕಿದ್ದರು. ಆಗಷ್ಟೇ ಮದುವೆಯಾಗಿದ್ದ ನುಸ್ರತಳೂ ನಕ್ಕಿದ್ದಳು.

ಫೋನು ಇಟ್ಟ ಮೇಲೆ ಸೈನಬರ ತಲೆಗೆ ಹುಳ ಹೊಕ್ಕಿತು. ಮಗ ಯಾಕೆ ಬೇಡ ಎಂದ? ಒಂದು ಸಿಗಡಿ ಪಲ್ಯಕ್ಕೆ ಯಾಕೆ ಅಷ್ಟು ಮೌನ? ಅಷ್ಟರಲ್ಲಿ ಹಾಜಬ್ಬ, ಗಿನಿಸಾಕ್ಕೆ ಹಾಕುವ ಸಾಸಿನದೆಂದು ಸೊಸೆಯ ಬಾಯಿಯಿಂದ ರಿಫಾ ಹೊರಡಿಸಿದ ಹೆಸರನ್ನು ಹಿಡಿದುಕೊಂಡು, ಬಿ.ಸಿ. ರೋಡಿನ ಫಾರಿನ್ ಸಾಮಾನಿನ ಅಂಗಡಿಗೆ ಹೋಗಿ ಒಂದು ಬಾಟಲಿ ತಂದರು. ಕಡಲಿನ ಚಿಪ್ಪಿನ ಹುಳದಿಂದ ಮಾಡಿದ ಕಪ್ಪು ಸಾಸು. ಬಾಟಲಿಯ ಮೇಲೆ ದೋಣಿ, ಹುಡುಗಿ ಮತ್ತು ಯಾರಿಗೂ ಓದಲು ಬಾರದ ಅಕ್ಷರ.

"ಇದರಲ್ಲಿ ಶರಾಬು ಇದ್ರೆ?" ಎಂದರು ಸೈನಬ.

"ಅದಕ್ಕೇ ಮಸೀದಿಯ ಉಸ್ತಾದರಿಗೆ ತೋರಿಸಿದೆ. ಕಡಲಿನದ್ದಾದರೆ ನಮಗೆ ಅಡ್ಡಿಯಿಲ್ಲ, ಶರಾಬು ಉಂಟಾ ಅಂತ ಅಂಗಡಿಯವನನ್ನೇ ಕೇಳು ಅಂದರು. ಅಂಗಡಿಯವನಿಗೆ ಫೋನು ಮಾಡಿದರೆ, ಉಸ್ತಾದರನ್ನು ಕೇಳಿ ಅಂತಾನೆ."

ಬಾಟಲಿ ಫ್ರಿಜ್ಜಿನ ಮೇಲೆ ಕುಳಿತಿತು. ಬಾಟಲಿಯ ಅಡಿಯಲ್ಲಿದ್ದ, ಉಸ್ತಾದರ ಕಣ್ಣಿಗೆ ಬೀಳದ ಸಣ್ಣ ಅರಬಿ ಚೀಟಿಯನ್ನು ಕಾಲೇಜಿನ ಅರಬಿಕ್ ಮೇಷ್ಟ್ರಿಗೆ ತೋರಿಸಿ ಬಂದ ರಿಫಾ ಶರಾಬು ಇಲ್ಲ ಎಂದು ಖಾತ್ರಿ ಮಾಡಿದಳು. ಆದರೂ ಅದನ್ನು ತೆರೆಯುವ ಧೈರ್ಯ ಯಾರಿಗೂ ಬರಲಿಲ್ಲ.

ಇಷ್ಟರಲ್ಲಿ ಮೂಡುಬಿದಿರೆಗೆ ಸುದ್ದಿ ಮುಟ್ಟಿತು. ನುಸ್ರತಳ ತಾಯಿ ಐಸಮ್ಮ ವೇಣೂರು ದಾರಿಯ ಬಸ್ಸಿನಲ್ಲಿ ಟಿಫಿನ್ ಕ್ಯಾರಿಯರನ್ನು ಮಡಿಲಲ್ಲಿ ಇಟ್ಟುಕೊಂಡು ಬಂದಿಳಿದರು. ಮಗಳ ಬಯಕೆ ತೀರಿಸಬೇಕಾದದ್ದು ತಾಯಿಮನೆಯವರು, ತನಗೆ ಯಾಕೆ ಹೇಳಲಿಲ್ಲ ಎಂದು ಬರುವಾಗಲೇ ಮುಖ ಊದಿತ್ತು. ಕ್ಯಾರಿಯರಿನಲ್ಲಿ ಮರುವಾಯಿ ಚಿಪ್ಪುಮೀನು ಮತ್ತು ತೊಂಡೆಕಾಯಿಯ ಸುಕ್ಕ.

"ಇದು ಅಲ್ಲ ಉಮ್ಮ," ಎಂದಳು ನುಸ್ರತ್.

"ಕಡಲಿನದ್ದು ಉಂಟು, ತರಕಾರಿಯೂ ಉಂಟು. ಮತ್ತೆ ಎಂತ ಬೇಕು ನಿನಗೆ?"

"ನಮ್ಮ ಮನೆಯಲ್ಲಿ ಒಲೆ ಇಲ್ಲ ಅಂತ ತಂದದ್ದಾ ಐಸಮ್ಮ?" ಎಂದರು ಸೈನಬ.

"ಒಲೆ ಇದ್ರೆ ಮಗಳು ಹೀಗೆ ಕಡ್ಡಿ ಆಗುದಾ?"

"ಕಡ್ಡಿಯಾಗಿಯೇ ಬಂದದ್ದು ಅವಳು. ನಾನು ಮಾಡಿದ್ದೆಲ್ಲ ಬಿಟ್ಟು ಅದ್ಯಾವುದೋ ಫಿಲಿಪೀನ್ಸಿನ ಹೆಂಗಸು ಮಾಡಿದ್ದೇ ಆಗಬೇಕಂತೆ. ಕೇಳಿ ನಿಮ್ಮ ಮಗಳನ್ನು."

ಐಸಮ್ಮನ ಮುಖದ ಊತ ಇಳಿಯಿತು. "ಯಾವ ಹೆಂಗಸು?"

"ಅವರ ಪಕ್ಕದ ಕೋಣೆಯವಳಂತೆ. ಅಡುಗೆಮನೆ ಒಂದೇ ಅಂತೆ. ಹೆಸರು ಹೇಳಿದ ಕೂಡಲೇ ನನ್ನ ಮಗನ ನಾಲಗೆ ಒಣಗಿತು. ಅದು ಬೇಡ ಉಮ್ಮ ಅಂತಾನೆ."

ಇಬ್ಬರು ಬೀಗಿತಿಯರು ಒಬ್ಬರ ಮುಖ ಒಬ್ಬರು ನೋಡಿದರು. ಒಂದು ನಿಮಿಷದ ಹಿಂದೆ ಒಬ್ಬರ ಜುಟ್ಟು ಒಬ್ಬರ ಕೈಯಲ್ಲಿ ಇದ್ದವರು ಈಗ ಒಂದೇ ಬೆಂಚಿನಲ್ಲಿ ಕುಳಿತರು. ಅದಕ್ಕೇ ಹುಡುಗಿ ಊಟ ಬಿಟ್ಟಿದ್ದಾಳೆ. ಅದಕ್ಕೇ ಅವನು ಇವಳೊಬ್ಬಳನ್ನೇ ಕಳಿಸಿದ್ದು. ಎಲ್ಲವೂ ಸರಿಯಾಗಿ ಕೂಡಿ ಬಂತು. ತಪ್ಪು ಲೆಕ್ಕ ಅಷ್ಟು ಚೆಂದವಾಗಿ ಕೂಡಿ ಬಂದದ್ದನ್ನು ನಾನು ಕಂಡದ್ದು ಕಡಿಮೆ.

ಹಾಜಬ್ಬ ಅಂಗಡಿಯಿಂದ ಬರುವಷ್ಟರಲ್ಲಿ ತೀರ್ಪು ಆಗಿತ್ತು. "ಮಗನಿಗೆ ಫೋನು ಮಾಡಿ. ಕೆಲಸ ಬಿಟ್ಟು ಊರಿಗೆ ಬರಲಿ," ಎಂದರು ಸೈನಬ.

"ಕೆಲಸ ಬಿಟ್ಟು? ಯಾಕೆ?"

"ಅವನ ಸಂಸಾರ ಉಳಿಬೇಕಾದ್ರೆ."

"ಅಲ್ಲಿಯವರೆಗೆ ನನ್ನ ಮಗಳು ನನ್ನೊಟ್ಟಿಗೆ ಇರಲಿ," ಎಂದರು ಐಸಮ್ಮ. "ಈಗಲೇ ಕರ್ಕೊಂಡು ಹೋಗ್ತೇನೆ. ಲಾಯಿಲದ ಡಾಕ್ಟ್ರು ಬೇಡ, ಏಳು ತಿಂಗಳು ಆದ ಮೇಲೆ ನಮ್ಮ ಮೂಡುಬಿದಿರೆಯಲ್ಲೇ ತೋರಿಸುವ."

ಏಳು ತಿಂಗಳು ಎಂಬ ಮಾತನ್ನು ನುಸ್ರತ್ ಕೇಳಿಸಿಕೊಂಡಳು; ಹೊಲಿಗೆಗೆ ಅಷ್ಟು ಹೊತ್ತಿರಲಿಲ್ಲ. ಅವಳು ಎದ್ದು ಅಡುಗೆಮನೆಗೆ ಹೋದಳು. ರಿಫಾ ಬೆಳಿಗ್ಗೆ ಇನ್ನೊಂದು ಪ್ರಯತ್ನಕ್ಕೆಂದು ತೆಗೆದಿಟ್ಟಿದ್ದ ಸಿಗಡಿ, ಬೊಂಡಾಸ್ ಅಲ್ಲೇ ಇತ್ತು. ನುಸ್ರತ್ ಬಾಗಿಲಿಗೆ ಬೆನ್ನು ಹಾಕಿ ಬೆಳ್ಳುಳ್ಳಿ ಜಜ್ಜಲು ಶುರು ಮಾಡಿದಳು.

ಸೈನಬ ಹಿಂದೆಯೇ ಬಂದರು. "ನಿನಗೆ ಹೇಳಿದ್ದೇನಲ್ಲ? ಬಯಕೆಯದ್ದನ್ನು ನೀನು ಮಾಡಬಾರದು."

"ಇದು ಬಯಕೆ ಅಲ್ಲ ಮಾಮಿ."

ಗ್ಯಾಸು ಹೊತ್ತಿಸಿ ಉರಿಯನ್ನು ದೊಡ್ಡದು ಮಾಡಿದಳು. ಎಣ್ಣೆ ಹೊಗೆಯಾಡುವಾಗ ಬೆಳ್ಳುಳ್ಳಿ, ಈರುಳ್ಳಿ, ಅದರ ಹಿಂದೆಯೇ ಸಿಗಡಿ. ಅದು ಕೆಂಪಗಾಗಿ ಮುದುಡಿದ ಕೂಡಲೇ ತಟ್ಟೆಗೆ ತೆಗೆದಳು. ಬೊಂಡಾಸನ್ನು ಎರಡು ಸಲ ಮಗುಚಿ ಅದನ್ನೂ ತೆಗೆದಳು. "ಇಷ್ಟೇಯಾ? ಬೇಯ್ಲಿಕ್ಕಿಲ್ವಾ?" ಎಂದರು ಬಾಗಿಲಲ್ಲಿ ನಿಂತ ಐಸಮ್ಮ. ಕ್ಯಾರೆಟ್ಟು, ಬೀನ್ಸು, ಕೊನೆಗೆ ಕ್ಯಾಬೇಜು ಬಾಣಲೆಗೆ ಬಿದ್ದವು. ಫ್ರಿಜ್ಜಿನ ಮೇಲಿನ ಬಾಟಲಿಯ ಮುಚ್ಚಳವನ್ನು ನುಸ್ರತ್ ಸೆರಗಿನಲ್ಲಿ ಹಿಡಿದು ತಿರುಗಿಸಿದಳು. ತಿರುಗಿಸುತ್ತಲೇ ಹೇಳಿದಳು.

"ನಿಝಾರ್ ಯಾರೊಟ್ಟಿಗೂ ಇಲ್ಲ. ನೆನಿತಾ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವಳು. ಕಳೆದ ವರ್ಷ ನನಗೆ ಹೊಟ್ಟೆಯಲ್ಲಿತ್ತು. ನಾಲ್ಕು ಕಳೆದಿತ್ತು. ಇವರು ಡ್ಯೂಟಿಯಲ್ಲಿದ್ದಾಗ ನೋವು ಬಂತು. ನೆನಿತಾ ಟ್ಯಾಕ್ಸಿ ಮಾಡಿ ಕರ್ಕೊಂಡು ಹೋದದ್ದು. ನಿಲ್ಲಲಿಲ್ಲ. ಆಮೇಲೆ ನಾನು ಊಟ ಬಿಟ್ಟಿದ್ದೆ. ಅವಳು ದಿನಾ ಕೆಲಸದಿಂದ ಬಂದು ಇದನ್ನು ಮಾಡಿ, ಪಕ್ಕದಲ್ಲಿ ಕೂತು ತಿನ್ನಿಸಿದಳು. ಈಗ ನನಗೆ ಹೆದರಿಕೆ ಆಗ್ತದೆ ಮಾಮಿ. ಹೆದರಿಕೆಯಲ್ಲಿ ಇದೊಂದೇ ಗಂಟಲಲ್ಲಿ ಇಳಿಯುವುದು."

ಕಾರ್ನ್‌ಫ್ಲೋರಿನ ನೀರು ಹಾಕಿ, ತೆಗೆದಿಟ್ಟದ್ದನ್ನು ಮತ್ತೆ ಬೆರೆಸಿ ಉರಿ ಆರಿಸಿದಳು. ಹೊಲಿಗೆಯ ಮಾತನ್ನೂ ಹೇಳಿದಳು. ಬಾಗಿಲಲ್ಲಿ ಐಸಮ್ಮ ಅಳಲು ಶುರು ಮಾಡಿದ್ದರು. ಸೈನಬ ಅಳಲಿಲ್ಲ. ಅವರಿಗೆ ಸಿಟ್ಟು ಬಂದಿತ್ತು.

"ನಾನು ಡಾಕ್ಟ್ರ ಎದುರು ಮೊದಲನೆಯದು ಅಂತ ಹೇಳುವಾಗ ನೀನು ಬಾಯಿ ಮುಚ್ಚಿ ಕೂತದ್ದಾ? ಮಗುವಿಗೆ ಎಂತಾದ್ರೂ ಆಗಿದ್ರೆ? ನಾನು ಯಾರು ನಿನಗೆ, ದಾರಿಯಲ್ಲಿ ಹೋಗುವವಳಾ? ಯಾಕೆ ಹೇಳ್ಲಿಲ್ಲ?"

"ಬಂಟ್ವಾಳದ ಅಸ್ಮಾಳ ಬಗ್ಗೆ ನೀವು ಹೇಳಿದ್ದು ನಾನು ಕೇಳಿದ್ದೇನೆ."

ಆ ಮನೆಯಲ್ಲಿ ಕೇಳಿದ ಮಾತಿಗೆ ಸೈನಬರ ಹತ್ತಿರ ಉತ್ತರ ಇಲ್ಲದ್ದು ಅದೇ ಮೊದಲು. ಕುಡಿಯುವ ನೀರಿನ ಕೊಡದ ಪಕ್ಕ ಹೋಗಿ ನಿಂತರು, ನೀರು ಕುಡಿಯದೆ ತಿರುಗಿ ಬಂದರು.

"ಗಂಡಾ, ಹೆಣ್ಣಾ?" ಎಂದು ಕೇಳಿದರು.

"ಗಂಡು ಅಂತ ಹೇಳಿದರು. ನನಗೆ ನೋಡ್ಲಿಕ್ಕೆ ಆಗಲಿಲ್ಲ. ಇವರು ಬರುವಷ್ಟರಲ್ಲಿ ಆಸ್ಪತ್ರೆಯವರು ಕೊಂಡು ಹೋಗಿದ್ದರು. ನೆನಿತಾ ಒಬ್ಬಳೇ ನೋಡಿದ್ದು. ಅವಳೇ ಬಟ್ಟೆ ಸುತ್ತಿ ಕೊಟ್ಟದ್ದಂತೆ."

ಸೈನಬ ಬಾಣಲೆಯಿಂದ ತಟ್ಟೆಗೆ ಬಡಿಸಿದರು. "ತಿನ್ನು," ಎಂದರು. ನುಸ್ರತ್ ನಿಂತೇ ತಿಂದಳು, ಪೂರ್ತಿ ತಿಂದಳು. ಅವಳು ಕೈ ತೊಳೆಯುವುದರೊಳಗೆ ಸೈನಬ ಬುರ್ಖಾ ಹಾಕಿಕೊಂಡು ಅಂಗಳದಲ್ಲಿ ನಿಂತು, ಆಟೋ ತರಲು ಹಾಜಬ್ಬರನ್ನು ಓಡಿಸಿದ್ದರು.

ಲಾಯಿಲದಲ್ಲಿ ನುಸ್ರತಳೇ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟು ಇಬ್ಬರನ್ನೂ ಬೈದರು, ಹೆಚ್ಚು ಬೈಗುಳ ಸೈನಬರ ಪಾಲಿಗೆ ಬಂತು. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಹೊತ್ತು ಮೀರಿಲ್ಲ ಎಂದು ಡಾಕ್ಟರು ಮಂಗಳೂರಿಗೆ ಬರೆದು ಕೊಟ್ಟರು. ಆ ವಾರವೇ ಹೊಲಿಗೆ ಹಾಕಿದರು. ಐಸಮ್ಮ ಮೂಡುಬಿದಿರೆಗೆ ಹೋಗದೆ ಇಲ್ಲೇ ಉಳಿದರು. ನುಸ್ರತ್ ಹಾಸಿಗೆ ಹಿಡಿದು ಮಲಗಬೇಕಿತ್ತು. ಬೀಗಿತಿಯರಿಬ್ಬರೂ ಬಾಣಲೆಯ ಮುಂದೆ, ಸಿಗಡಿ ತೆಗೆಯುವ ಹೊತ್ತಾಯಿತು, ಆಗಲಿಲ್ಲ ಎಂದು ಜಗಳವಾಡುತ್ತಿದ್ದರು. ಗಿನಿಸಾ ಒಂದು ದಿನ ಸರಿಯಾಗುತ್ತಿತ್ತು, ಒಂದು ದಿನ ಕೆಡುತ್ತಿತ್ತು. ಎರಡನ್ನೂ ನುಸ್ರತ್ ತಿಂದಳು. ಮುಂದೆ ಏನಾಗುವುದೋ ಯಾರಿಗೂ ಗೊತ್ತಿರಲಿಲ್ಲ. ಐದನೇ ತಿಂಗಳು ಇನ್ನೂ ಬರಬೇಕಿತ್ತು.

ಶುಕ್ರವಾರ ಫೋನು ಬಂದಾಗ ಸೈನಬ ಮಗನಿಗೆ ಮಾತಾಡಲು ಬಿಡಲಿಲ್ಲ. "ನಿನ್ನನ್ನು ಊರಿಗೆ ಬಂದ ಮೇಲೆ ನೋಡಿಕೊಳ್ತೇನೆ. ಆ ನೆನಿತಾ ಇದ್ದಾಳಾ? ಅವಳಿಗೆ ಫೋನು ಕೊಡು."

"ಉಮ್ಮ, ಅವಳಿಗೆ ನಮ್ಮ ಭಾಷೆ ಬರುದಿಲ್ಲ."

"ನೀನು ಕೊಡು."

ಸ್ವಲ್ಪ ಹೊತ್ತಿನ ಮೇಲೆ ಆ ಕಡೆಯಿಂದ ಸಣ್ಣ ದನಿಯೊಂದು, "ಹಲೋ, ಮಮ್ಮಾ?" ಎಂದಿತು. ಸೈನಬ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಾನು ನಿಝಾರನ ಉಮ್ಮ," ಎಂದರು ಮನೆಮಾತಿನಲ್ಲೇ. "ನಿನ್ನ ಬಗ್ಗೆ ನಾನು ಕೆಟ್ಟದ್ದು ಯೋಚನೆ ಮಾಡಿದೆ. ಅದು ಹೋಗಲಿ. ನೀನು ಮಗುವನ್ನು ನೋಡಿದ್ದೀಯಲ್ಲ? ನಮ್ಮಲ್ಲಿ ಯಾರೂ ನೋಡ್ಲಿಲ್ಲ. ಯಾರ ಹಾಗೆ ಇತ್ತು ಅದು?"

ಆ ದನಿ ನಿಧಾನವಾಗಿ, ಬಿಡಿಸಿ ಬಿಡಿಸಿ ಕೇಳಿತು. "ನುಸ್ರತ್, ಈಟಿಂಗ್? ಮಮ್ಮಾ, ನುಸ್ರತ್ ಈಟಿಂಗ್?"

ಸೈನಬ ಮಗಳ ಕಡೆ ತಿರುಗಿದರು.

"ಅತ್ತಿಗೆ ಊಟ ಮಾಡ್ತಾರಾ ಅಂತ ಕೇಳ್ತಾ ಇದ್ದಾಳೆ," ಎಂದಳು ರಿಫಾ. "ಕೊಡಿ ಉಮ್ಮ, ನೀವು ಕೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಕೇಳ್ತೇನೆ."

ಸೈನಬ ಒಳಕೋಣೆಯ ಕಡೆ ನೋಡಿದರು. ತೆರೆದ ಬಾಗಿಲಿನಿಂದ ನುಸ್ರತ್ ಮಲಗಿದಲ್ಲೇ ಇತ್ತ ಮುಖ ಮಾಡಿ ಕೇಳಿಸಿಕೊಳ್ಳುತ್ತಿದ್ದಳು. ಸೈನಬ ರಿಸೀವರನ್ನು ಮಗಳಿಗೆ ಕೊಡಲಿಲ್ಲ.

"ತಿಂತಾಳೆ," ಎಂದರು ಫೋನಿಗೆ. "ತಿಂತಾಳೆ ಮೋಳೆ. ನಾನು ಮಾಡಿ ಕೊಡ್ತೇನೆ."